ಕೊಪ್ಪಳದ ಎರೆ ಭೂಮಿಯಲ್ಲಿ ಎಲೆಕ್ಟ್ರೊಲೈಜರ್ ಕಾರ್ಖಾನೆ: ನಾರ್ತ್‌ಲೈಟ್ ಛಾವಣಿ ಹೊಂದುತ್ತದೆಯೇ?

ಶೆಡ್‌ನಕ್ಷೆ:
ಗಿಣಿಗೇರಾ ಕಡೆ ಜಾಗ. ಹೈಡ್ರೋಜನ್ ಎಲೆಕ್ಟ್ರೊಲೈಜರ್ (ವಿದ್ಯುತ್ತಿನಿಂದ ನೀರನ್ನು ಒಡೆದು ಹೈಡ್ರೋಜನ್ ತೆಗೆಯುವ ಯಂತ್ರ) ಜೋಡಿಸುವ ಶೆಡ್ ಪೂರ್ವ-ಪಶ್ಚಿಮ 60 ಮೀ., ಉತ್ತರ-ದಕ್ಷಿಣ 90 ಮೀ. ಪಕ್ಕದಲ್ಲೇ ಸಂಶೋಧನಾ ಕಟ್ಟಡ. ಛಾವಣಿ ನಾರ್ತ್‌ಲೈಟ್, ಅಂದರೆ ಗರಗಸದ ಹಲ್ಲಿನಂಥದ್ದು: 7.5 ಮೀ.ಗೊಂದು ಹಲ್ಲು, ಉತ್ತರಕ್ಕೆ 2 ಮೀ. ನೆಟ್ಟಗಿನ ಗಾಜು, ದಕ್ಷಿಣದ 15 ಡಿಗ್ರಿ ಇಳಿಜಾರಿನ ತುಂಬ ಸೋಲಾರ್ ಪ್ಯಾನೆಲ್. ಬೆಳಕು ಬರಬೇಕು, ಬಿಸಿಲು ಬರಬಾರದು. ಎಲ್ಲಿ ಎಡವಬಹುದು?

ಹಗಲುಬೆಳಕು:
ಉತ್ತರದ ಗಾಜಿಗೆ ಬಿಸಿಲೇ ಬೀಳುವುದಿಲ್ಲ ಅನ್ನೋದು ದೆಹಲಿಯ ನಡುಹಗಲಿಗೆ ಸರಿ, ಕೊಪ್ಪಳಕ್ಕಲ್ಲ. ನಾವಿರುವುದು ಸುಮಾರು 15.3 ಡಿಗ್ರಿ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ಸೂರ್ಯ ದಿನವಿಡೀ ಉತ್ತರಕ್ಕೇ ಇರುತ್ತಾನೆ. ಜೂನ್ 21ರ ನಡುಹಗಲಿಗೆ ನೆತ್ತಿಯಿಂದ 8 ಡಿಗ್ರಿ ಉತ್ತರಕ್ಕೆ. ಆ ಹೊತ್ತಿಗೆ ಗಾಜಿನ ಮೇಲೆ 30 ಸೆಂ.ಮೀ. ಸಜ್ಜಾ ಸಾಕು. ಬೆಳಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಮೂರೂವರೆವರೆಗೂ ತಡೆಯಬೇಕೆಂದರೆ 60 ಸೆಂ.ಮೀ. ಬೇಕು. ಅದಕ್ಕೂ ಮುಂಚಿನ, ಆಮೇಲಿನ ಓರೆ ಬಿಸಿಲಿಗೆ ಸಜ್ಜಾ ನಡೆಯಲ್ಲ, ನಿಲುವು ಫಿನ್‌ಗಳೇ (ಗಾಜಿನಿಂದ ಹೊರಚಾಚಿದ ನೆಟ್ಟಗಿನ ಪಟ್ಟಿಗಳು) ಬೇಕು.

ಇಳಿಜಾರಿನ ತುಂಬ ಪ್ಯಾನೆಲ್ ಹಾಕಬೇಡಿ. ಡಿಸೆಂಬರ್‌ನಲ್ಲಿ ದಕ್ಷಿಣದ ಹಲ್ಲಿನ ನೆರಳು ಹಿಂದಿನ ಇಳಿಜಾರಿನ ಬುಡಕ್ಕೆ ಬೀಳುತ್ತದೆ. 60 ಸೆಂ.ಮೀ. ಸಜ್ಜಾ ಸೇರಿದರೆ ಬೆಳಗ್ಗೆ ಒಂಬತ್ತೂವರೆಗೆ ಸುಮಾರು 2.1 ಮೀ. ಒಂದು ಪ್ಯಾನೆಲ್‌ನ ಕೆಳಸಾಲಿಗೆ ನೆರಳು ಬಿದ್ದರೂ ಆ ಇಡೀ ಸ್ಟ್ರಿಂಗ್ (ಒಂದಕ್ಕೊಂದು ಸರಣಿಯಾಗಿ ಜೋಡಿಸಿದ ಪ್ಯಾನೆಲ್‌ಗಳು) ಸೊರಗುತ್ತದೆ. ಅಷ್ಟು ಪಟ್ಟಿ ಖಾಲಿ ಬಿಟ್ಟು, ಪ್ಯಾನೆಲ್ ತೊಳೆಯುವವರು ಓಡಾಡಲು ಇಟ್ಟುಕೊಳ್ಳಿ.

ಗಟ್ಟಿನೆಲ:
ಹಲ್ಲಿನ ಛಾವಣಿ ಸೋರುವುದೇ ವ್ಯಾಲಿ ಗಟರ್‌ನಲ್ಲಿ, ಅಂದರೆ ಎರಡು ಹಲ್ಲುಗಳ ನಡುವಿನ ತಗ್ಗಿನ ಕಾಲುವೆಯಲ್ಲಿ. ಗಂಟೆಗೆ 100 ಮಿ.ಮೀ. ಮಳೆ ಹಿಡಿದರೆ ಒಂದೊಂದು ಗಟರ್‌ಗೆ ನಿಮಿಷಕ್ಕೆ 750 ಲೀಟರ್ ನೀರು. ಪೂರ್ವ, ಪಶ್ಚಿಮ ಎರಡೂ ತುದಿಗೆ ಇಳಿಸಿ, ಪೈಪು ಗೋಡೆಯ ಹೊರಗಿರಲಿ, ತುದಿಯಲ್ಲಿ ಓವರ್‌ಫ್ಲೋ ಕಿಂಡಿ ಇರಲೇಬೇಕು. ಸ್ಪಾಂಜ್ ಐರನ್ ಕಾರ್ಖಾನೆಗಳ ಕಪ್ಪು ಧೂಳು ಮೊದಲ ಮಳೆಗೇ ಕೆಸರಾಗಿ ಕಿಂಡಿ ಕಟ್ಟುತ್ತದ್ರಿ. ಈ ನೀರನ್ನೇ ಸೋಸಿ ಸಂಗ್ರಹಿಸಿದರೆ ಪ್ಯಾನೆಲ್ ತೊಳೆಯಲು ಬರುತ್ತದೆ. ಗಡಸು ಬೋರ್‌ವೆಲ್ ನೀರು ಗಾಜಿನ ಮೇಲೆ ಬಿಳಿ ಕಲೆ ಉಳಿಸುತ್ತದೆ.

ಬುನಾದಿಗೆ ಅಂಡರ್‌ರೀಮ್ಡ್ ಪೈಲ್ (ನೆಲದೊಳಗೆ ಇಳಿಸುವ, ಬುಡದಲ್ಲಿ ಬಲ್ಬಿನಂತೆ ಅಗಲವಾಗುವ ಕಾಂಕ್ರೀಟ್ ಕಂಬ), ಬಲ್ಬಿನ ವ್ಯಾಸ ಆ ಕಂಬದ ವ್ಯಾಸದ ಎರಡೂವರೆ ಪಟ್ಟು. ಪೈಲ್‌ಗಳನ್ನು ಜೋಡಿಸುವ ಗ್ರೇಡ್ ಬೀಮ್ ಕೆಳಗೆ ಕನಿಷ್ಠ 80 ಮಿ.ಮೀ. ಖಾಲಿ ಬಿಡಿ, ಇಲ್ಲದಿದ್ದರೆ ನೀರು ಕುಡಿದು ಉಬ್ಬಿದ ಎರೆ ಬೀಮನ್ನೇ ಎತ್ತುತ್ತದೆ. ನೆಲಹಾಸಿನಡಿ ಎರೆ ತೆಗೆದು ಗರಸು ತುಂಬಿ ದಮ್ಮಸು ಮಾಡಿ.

ಶೆಡ್‌ನಕ್ಷೆ:
ಸಜ್ಜಾ ತಿದ್ದುತ್ತೇನೆ. ಸ್ಟ್ಯಾಕ್ (ಎಲೆಕ್ಟ್ರೊಲೈಜರ್‌ನ ಸೆಲ್‌ಗಳ ಕಟ್ಟು) ಪರೀಕ್ಷೆಯನ್ನು ಇದೇ ಶೆಡ್‌ನ ಒಂದು ಮೂಲೆಯಲ್ಲಿ ಇಡಬಹುದೇ, ಸರ್?

ಹಗಲುಬೆಳಕು:
ಬೇಡ. ಹೈಡ್ರೋಜನ್ ಗಾಳಿಗಿಂತ 14 ಪಟ್ಟು ಹಗುರ. ಸೋರಿದರೆ ಹಲ್ಲಿನ ತುದಿಗೇ ಹೋಗಿ ಕೂರುತ್ತದೆ, ಗಾಳಿಯಲ್ಲಿ 4 ಶೇಕಡಾ ಆದರೆ ಕಿಡಿ ಸಾಕು. ಪರೀಕ್ಷೆಗೆ ಬೇರೆಯೇ ಕಟ್ಟಡ ಮಾಡಿ: ಒಂದೇ ಇಳಿಜಾರಿನ ಛಾವಣಿ, ಅತಿ ಎತ್ತರದ ಅಂಚಿನುದ್ದಕ್ಕೂ ತೆರೆದ ಕಿಂಡಿ, ಹೈಡ್ರೋಜನ್ ಸೋರಿಕೆ ಪತ್ತೆಯ ಡಿಟೆಕ್ಟರ್ ಅಲ್ಲೇ. ಫಾಲ್ಸ್ ಸೀಲಿಂಗ್ ಬೇಡವೇ ಬೇಡ. ಸಂಶೋಧನಾ ಕಟ್ಟಡದ ಎಸಿ ಡಕ್ಟ್‌ಗೂ ಈ ಕಟ್ಟಡಕ್ಕೂ ಸಂಬಂಧ ಇರಕೂಡದು.