ಕೋಳಿ ಸತ್ತವು, ಈಗ ಬೆಕ್ಕೂ ಸತ್ತಿದೆ: ಪಶುವೈದ್ಯರನ್ನು ಕೇಳಿ

ಮಹಾದೇವಿ, ಆಳಂದ: ಡಾಕ್ಟ್ರೇ, ಎಮ್ಮೆಗೆ ಕಾಲುಬಾಯಿ ರೋಗದ ಲಸಿಕೆ ಹಾಕಿಸಿದ್ದೆವು. ಆದರೂ ಬಂತಲ್ಲ?

ಡಾಕ್ಟರ್: ಆ ವೈರಸ್‌ನಲ್ಲಿ 7 ಬಗೆ ಇವೆ ಅಕ್ಕ. ಒಂದಕ್ಕೆ ಹಾಕಿದ ಲಸಿಕೆ ಇನ್ನೊಂದನ್ನು ತಡೆಯುವುದಿಲ್ಲ. ನಮ್ಮ ಲಸಿಕೆಯಲ್ಲಿ ಒ, ಎ, ಏಷ್ಯಾ-1 ಮೂರೂ ಇರುತ್ತವೆ. ಆದರೆ ಆರು ತಿಂಗಳಿಗೊಮ್ಮೆ ಹಾಕಿಸಲೇಬೇಕು. ನೀವು ಹಾಕಿಸಿ ಎಷ್ಟಾಯ್ತು?

ಶಿವಕುಮಾರ, ಭಾಲ್ಕಿ: ನಮ್ಮ ಜವಾರಿ ಕೋಳಿ ಎರಡೇ ದಿನದಲ್ಲಿ ಹದಿನಾಲ್ಕು ಸತ್ತವು. ತಲೆ ಊದಿತ್ತು, ಜುಟ್ಟು ನೀಲಿಗಟ್ಟಿತ್ತು. ಕೊಕ್ಕರೆ ರೋಗ ಅಂತ ತಿಪ್ಪೆಗೆ ಎಸೆದೆವು. ಅವನ್ನು ತಿಂದ ಬೆಕ್ಕು ನಿನ್ನೆ ತೂರಾಡ್ತಿತ್ತು, ಬೆಳಿಗ್ಗೆ ಸತ್ತಿದೆ. ಊರು ಕಾರಂಜಾ ಹಿನ್ನೀರಿನ ಪಕ್ಕ.

ಯಲ್ಲಪ್ಪ, ಶಹಾಪುರ: ಗಬ್ಬದ ಮೇಕೆಗೆ ಪಿಪಿಆರ್ (ಆಡು-ಕುರಿ ಪ್ಲೇಗ್) ಲಸಿಕೆ ಹಾಕಿಸಬಹುದಾ ಸರ?

ಡಾಕ್ಟರ್: ಶಿವಕುಮಾರ್, ಮೊದಲು ನಿಮ್ಮದು. ಕೊಕ್ಕರೆ ರೋಗದಲ್ಲೂ ಕೋಳಿ ಹೀಗೇ ಸಾಯುತ್ತವೆ, ನೋಡಿ ಹೇಳಲು ಆಗಲ್ಲ. ನನ್ನ ಚಿಂತೆ ಬೆಕ್ಕಿನದು. ಕೊಕ್ಕರೆ ರೋಗಕ್ಕೆ ಬೆಕ್ಕು ಸಾಯುವುದಿಲ್ಲ. ಹಕ್ಕಿಜ್ವರದ ವೈರಸ್ ಎಚ್5ಎನ್1ಗೆ ಸಾಯುತ್ತದೆ. ಇಲಿ ಪಾಷಾಣವೂ ಇರಬಹುದು, ಆದರೆ ಹಾಗಂದುಕೊಂಡು ಕೂರಬೇಡಿ. 2025ರ ಜನವರಿಯಲ್ಲಿ ಪಕ್ಕದ ಉದಗೀರದಲ್ಲಿ ಕಾಗೆಗಳು ಸತ್ತಾಗ ಪರೀಕ್ಷೆಯಲ್ಲಿ ಇದೇ ಸಿಕ್ಕಿತ್ತು.

ಈ ವೈರಸ್‌ನ ವಂಶವಾಹಿ 8 ತುಂಡುಗಳಾಗಿರುತ್ತದೆ. ಒಂದೇ ಜೀವಕೋಶಕ್ಕೆ ಎರಡು ಬಗೆ ಹೊಕ್ಕರೆ ತುಂಡುಗಳು ಅದಲುಬದಲಾಗಿ ಮೂರನೆಯದೇ ಹೊರಬರುತ್ತದೆ. ಅದಕ್ಕೇ ಕಾಡುಬಾತುಗಳಲ್ಲಿ ಇದರ ಬಗೆಗಳಿಗೆ ಲೆಕ್ಕವಿಲ್ಲ. ಪ್ರಾಣಿಯ ಮೈಗೆ ಹೊಕ್ಕಾಗ ಇನ್ನೊಂದು ತಂಟೆ. ಪಿಬಿ2 ಅನ್ನುವ ಪ್ರೋಟೀನಿನ 627ನೇ ಜಾಗದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಸಾಕು, ಹಕ್ಕಿಯ ಬಿಸಿ ಮೈಗೆ ಒಗ್ಗಿದ್ದ ವೈರಸ್ ನಮ್ಮಂಥ ಪ್ರಾಣಿಗಳಲ್ಲೂ ಚೆನ್ನಾಗಿ ಬೆಳೆಯುತ್ತದೆ. 2024ರಲ್ಲಿ ಅಮೆರಿಕದಲ್ಲಿ ಹಸುಗಳಿಗೇ ಬಂತು, ಅವುಗಳ ಹಸಿ ಹಾಲು ಕುಡಿದ ಬೆಕ್ಕುಗಳು ಸತ್ತವು.

ಬೆಕ್ಕನ್ನು ಹೂಳಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ಬುಟ್ಟಿ ಮುಚ್ಚಿ ಮೇಲೆ ಕಲ್ಲಿಡಿ. ಈಗಲೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಮಾದರಿ ಭೋಪಾಲದ ಲ್ಯಾಬಿಗೆ ಹೋಗಬೇಕು. ಕೋಳಿ ಎತ್ತಿ ಎಸೆದವರು ಯಾರು? ಹತ್ತು ದಿನದೊಳಗೆ ಅವರಿಗೆ ಜ್ವರ ಬಂದರೆ, ಕಣ್ಣು ಕೆಂಪಾದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಕೋಳಿ ಸತ್ತದ್ದನ್ನೂ ಹೇಳಲಿ.

ರಾಜಪ್ಪ, ಹುಮನಾಬಾದ್: ಬೆಳ್ಳುಳ್ಳಿ, ಅರಿಶಿನ, ಬೇವು ಅರೆದು ಕುಡಿಸಿ. ಎಲ್ಲಾ ವೈರಸ್ಸಿಗೂ ಒಂದೇ ಮದ್ದು. ಹತ್ತು ಗುಂಪಿಗೆ ಕಳಿಸಿ.

ಡಾಕ್ಟರ್: ಎಲ್ಲಾ ವೈರಸ್ಸೂ ಒಂದೇ ಅಲ್ಲ ಅಂತ ಈಗಷ್ಟೇ ಇಷ್ಟುದ್ದ ಬರೆದಿದ್ದೇನೆ. ಕಾಯಿಲೆ ಕೋಳಿಯ ಬಾಯಿ ಬಿಡಿಸಿ ಮದ್ದು ಹಾಕುವವರ ಮುಖಕ್ಕೇ ಅದರ ಸಿಂಬಳ ಸಿಡಿಯುತ್ತದೆ. ಇದನ್ನು ಫಾರ್ವರ್ಡ್ ಮಾಡಿ, ನೋಡೋಣ.

ರಫೀಕ್, ಬೀದರ್: ಡಾಕ್ಟ್ರು ಹೀಗೆ ಹೆದರಿಸಿದರೆ ನಮ್ಮ ಅಂಗಡಿ ಮುಚ್ಚಬೇಕಾಗುತ್ತೆ. ಇನ್ನೂ ಪರೀಕ್ಷೆಯೇ ಆಗಿಲ್ಲ.

ಮಹಾದೇವಿ, ಆಳಂದ: ನಿಮ್ಮ ಅಂಗಡಿಗಾಗಿ ಊರು ಸುಮ್ನೆ ಕೂರಬೇಕಾ ರಫೀಕಣ್ಣ?

ರಫೀಕ್, ಬೀದರ್: ನೀವು ತಿನ್ನೋದೇ ಇಲ್ಲ, ನಿಮಗೇನು ಗೊತ್ತು? ಒಮ್ಮೆ ಸುದ್ದಿ ಹಬ್ಬಿದರೆ ತಿಂಗಳುಗಟ್ಟಲೆ ಗಿರಾಕಿ ಬರಲ್ಲ.

ರಾಜಪ್ಪ, ಹುಮನಾಬಾದ್: ಇದೆಲ್ಲ ಲಸಿಕೆ ಕಂಪನಿಯವರ ಆಟ.

ಮಹಾದೇವಿ, ಆಳಂದ: ಹಾಗಾದರೆ ನಿಮ್ಮ ಎಮ್ಮೆಗೂ ಬೆಳ್ಳುಳ್ಳಿಯೇ ಅರೆದು ಕುಡಿಸಿ ರಾಜಪ್ಪ.

ಸಂಗಮ್ಮ, ಚಿತ್ತಾಪುರ: ಮೊಟ್ಟೆ ತಿನ್ನಬಹುದಾ ಡಾಕ್ಟ್ರೇ?

ಡಾಕ್ಟರ್: ಚೆನ್ನಾಗಿ ಬೇಯಿಸಿ ತಿನ್ನಿ. 70 ಡಿಗ್ರಿ ಒಳಗಿನವರೆಗೂ ತಲುಪಿದರೆ ವೈರಸ್ ಸಾಯುತ್ತದೆ. ರಫೀಕ್, ನಿಮ್ಮ ಮಾಂಸಕ್ಕೂ ಅದೇ ಮಾತು. ಆದರೆ ರೋಗ ಬಚ್ಚಿಟ್ಟರೆ ನಷ್ಟ ಜಾಸ್ತಿ. ಖಚಿತವಾದರೆ ಸುತ್ತ 1 ಕಿ.ಮೀ. ಕೋಳಿಯನ್ನೆಲ್ಲ ಕೊಲ್ಲಿಸುತ್ತಾರೆ, 10 ಕಿ.ಮೀ.ವರೆಗೆ ಕಣ್ಣಿಡುತ್ತಾರೆ. ತಡವಾದಷ್ಟೂ ಅಂಥ ಊರುಗಳು ಹೆಚ್ಚುತ್ತವೆ.

ವೀರೇಶ, ಸೇಡಂ: ಸರ, ಕಾಲುಬಾಯಿ ಲಸಿಕೆ ಹಾಕಿದ್ರೂ ಯಾಕೆ ಬರುತ್ತೆ?

ಡಾಕ್ಟರ್: ಮೇಲೆ ಇದೆ.

ನಾಗರಾಜ, ಔರಾದ್: ಮೊಟ್ಟೆ ತಿನ್ನಬಹುದಾ?

ಡಾಕ್ಟರ್: ಮೇಲೆ ಓದ್ರಪ್ಪ. ಶಿವಕುಮಾರ್, ಫೋನ್ ಮಾಡಿದಿರಾ ಇಲ್ವಾ?

ಶಿವಕುಮಾರ, ಭಾಲ್ಕಿ: ಮಾಡಿದೆ ಸರ, ಬರ್ತೀವಿ ಅಂದರು. ಕೋಳಿ ಎಸೆದದ್ದು ನಮ್ಮ ತಾಯಿ. ಉಳಿದ ಆರು ಕೋಳಿ ಮಾರಿಬಿಡಲಾ ಅಂತ ಕೇಳ್ತಿದ್ದಾರೆ.

ಡಾಕ್ಟರ್: ಮಾರಬೇಡಿ. ಯಾರಿಗೂ ಸುಮ್ಮನೆ ಕೊಡಲೂ ಬೇಡಿ. ಗೂಡಿನ ಬಾಗಿಲು ಹಾಕಿ, ತಾಯಿಯವರ ನಂಬರ್ ನನಗೆ ಕಳಿಸಿ, ಗುಂಪಿನಲ್ಲಿ ಹಾಕಬೇಡಿ.

ಯಲ್ಲಪ್ಪ, ಶಹಾಪುರ: ಸರ, ಮೇಕೆದು?