ಇಂದ್ರಜಾಲ ಕಾಮಿಕ್ಸ್: ತುಕ್ಕು ಹಿಡಿದ ಪಿನ್, ಹಳೇ ಸೆಲ್ಲೋಟೇಪ್. ಏನು ಮಾಡಲಿ?

ಪ್ರಶ್ನೆ
ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹದಿನಾಲ್ಕು ಇಂದ್ರಜಾಲ ಕಾಮಿಕ್ಸ್ ಸಿಕ್ಕವು. ಎಲ್ಲವೂ ಕಾಡಿನ ಮುಖವಾಡದ ನಾಯಕ ಫ್ಯಾಂಟಮ್‌ನ ಕಥೆಗಳು, 1960ರ ದಶಕದವು. ಮೂರರ ಪಿನ್ ತುಕ್ಕು ಹಿಡಿದು ಸುತ್ತಲಿನ ಕಾಗದ ಕಂದಾಗಿದೆ. ಒಂದರ ಬೆನ್ನಿಗೆ ಯಾರೋ ಸೆಲ್ಲೋಟೇಪ್ ಅಂಟಿಸಿದ್ದಾರೆ. ಟೇಪ್ ಕಿತ್ತು ಹೊಸ ಪಿನ್ ಹೊಡೆಯಲಾ? ಮಾರುವ ಯೋಚನೆ ಇಲ್ಲ, ಆದರೆ ಇವುಗಳ ಸ್ಥಿತಿ ಸರಿಯಾಗಿ ತಿಳಿಯಬೇಕು. ನಮ್ಮದು ಮಂಗಳೂರು.

ಉತ್ತರ
ದಯವಿಟ್ಟು ಟೇಪ್ ಮುಟ್ಟಬೇಡಿ. ಹಳೇ ಅಂಟು ಕಾಗದದೊಳಗೆ ಇಳಿದಿರುತ್ತದೆ. ಎಳೆದರೆ ಮುಖಪುಟದ ಬಣ್ಣವೂ ಕಿತ್ತು ಬರುತ್ತದೆ. ಹೊಸ ಪಿನ್ನೂ ಬೇಡ, ಸುಮ್ನೆ ಹೊಸ ತೂತು ಬೀಳುತ್ತದೆ.

ಮೊದಲು ಪುಟ ಎಣಿಸಿ. ಒಂದು ಹಾಳೆ ಮಡಚಿದರೆ ನಾಲ್ಕು ಪುಟ, ಅಲ್ವಾ? ಪಿನ್ ಸಡಿಲವಾದರೆ ಮೊದಲು ಕಳಚುವುದು ನಡುವಿನ ಹಾಳೆ. ಕಥೆಯ ಮಧ್ಯದ ನಾಲ್ಕು ಪುಟ ಹೋದರೆ ಮುಖಪುಟ ಎಷ್ಟೇ ಹೊಳೆಯಲಿ, ಸಂಗ್ರಹಕಾರರು ಸ್ಥಿತಿಗೆ ಕೊಡುವ ಹತ್ತು ಅಂಕದ ಅಳತೆಯಲ್ಲಿ ಅದು 0.5ರ ಆಸುಪಾಸಿನ ಪ್ರತಿ.

ಆಮೇಲೆ ಬೆನ್ನಿನ ಪಕ್ಕದ ಅಂಚನ್ನು ಬೆಳಕಿಗೆ ಹಿಡಿಯಿರಿ. ಸಾಲಾಗಿ ದಬ್ಬಣದ ತೂತು ಕಂಡರೆ ಅದು ಬಾಡಿಗೆ ಲೈಬ್ರರಿಯ ಬೈಂಡಿನಿಂದ ಬಿಚ್ಚಿದ್ದಿರಬಹುದು. ಬೈಂಡ್ ಮಾಡುವಾಗ ಅಂಚು ಕತ್ತರಿಸುವುದುಂಟು. ಬೇರೆ ಪ್ರತಿಯ ಪಕ್ಕ ಇಟ್ಟು ಎತ್ತರ ನೋಡಿ. ಇದನ್ನು ತುಂಬಾ ಜನ ನೋಡುವುದೇ ಇಲ್ಲ. ಕತ್ತರಿಸಿದ ಅಂಚು ಚೊಕ್ಕವಾಗಿ ಕಾಣುವುದರಿಂದ ಒಳ್ಳೇ ಪ್ರತಿ ಅಂದುಕೊಳ್ಳುತ್ತಾರೆ.

ಪ್ರಶ್ನೆ ಕೇಳಿದವರು
ಎಣಿಸಿದೆ ಸರ್. ಎರಡರಲ್ಲಿ ನಡುವಿನ ಹಾಳೆ ಇಲ್ಲ. ಆರರಲ್ಲಿ ತೂತುಗಳಿವೆ. ಬೇಜಾರಾಯಿತು. ಇನ್ನೊಂದು ಅನುಮಾನ: ಫ್ಯಾಂಟಮ್ ಇರುವ ಕಾಡಿನ ದೇಶದ ಹೆಸರು ಬೆಂಗಾಲಾ ಅಲ್ಲವಾ? ಇವುಗಳಲ್ಲಿ ಡೆಂಕಾಲಿ ಅಂತಿದೆ. ನಕಲಿಯಾ?

ಉತ್ತರ
ನಕಲಿ ಅಲ್ಲ. ಮೂಲದ ಹೆಸರು ಬಂಗಾಳವನ್ನು ನೆನಪಿಸುತ್ತಿತ್ತು. ಇಂದ್ರಜಾಲದವರೇ ಅದನ್ನು ಡೆಂಕಾಲಿ ಮಾಡಿದರು.

ನಡುವಿನ ಹಾಳೆ ಇಲ್ಲದ ಆ ಎರಡು ಪ್ರತಿಗಳ ಸಂಚಿಕೆ ಸಂಖ್ಯೆ ನೋಡಿ. ಮಾಲೆ ಶುರುವಾದದ್ದು ಮಾರ್ಚ್ 1964ರಲ್ಲಿ. ಮೊದಲ 32 ಸಂಚಿಕೆಗಳೂ ಫ್ಯಾಂಟಮ್ ಕಥೆಗಳೇ. ನಿಮ್ಮವು ಅವುಗಳಲ್ಲಿದ್ದರೆ ಹಾಳೆ ಇಲ್ಲದಿದ್ದರೂ ಜೋಪಾನ ಮಾಡಿ. ಅದೇ ಸಂಚಿಕೆಯ ಹರಿದ ಪ್ರತಿ ಸಿಕ್ಕರೆ ಅದರ ಹಾಳೆ ಸೇರಿಸಬಹುದು. ಆದರೆ ಸೇರಿಸಿದ್ದನ್ನು ಒಂದು ಚೀಟಿಯಲ್ಲಿ ಬರೆದು ಒಳಗಿಡಿ, ಮುಂದೆ ಯಾರ ಕೈಗೆ ಹೋದರೂ ತಿಳಿಯಲಿ.

ನಿಮ್ಮೂರಲ್ಲಿ ತುಕ್ಕಿಗೆ ಕಾರಣ ತೇವ. ಪಿವಿಸಿ ಕವರ್ ಬೇಡ. ಮೈಲಾರ್ (ಪಾಲಿಯೆಸ್ಟರ್) ಕವರ್, ಹಿಂದೆ ಆಮ್ಲವಿಲ್ಲದ ರಟ್ಟು, ಗಟ್ಟಿ ಮುಚ್ಚಳದ ಡಬ್ಬಿ, ಅದರಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ಮಳೆಗಾಲದಲ್ಲಿ ಪೊಟ್ಟಣವನ್ನು ಆಗಾಗ ಬದಲಿಸಿ. ಈಗಿರುವ ಕಲೆ ಹೋಗುವುದಿಲ್ಲ, ಆದರೆ ಹರಡುವುದು ಕಡಿಮೆಯಾಗುತ್ತದೆ.