ಹೈಕು ಓಎಸ್ ಅನ್ನು ವರ್ಚುವಲ್ ಮಷೀನ್‌ನಲ್ಲಿ ಹಾಕಿ ನೋಡಿದವರು ಇದ್ದೀರಾ?

ಹೊಸಹೆಜ್ಜೆ:
ನಮಸ್ಕಾರ. ನನ್ನದು 8 ಜಿಬಿ ರ‍್ಯಾಮ್ ಇರುವ ವಿಂಡೋಸ್ ಲ್ಯಾಪ್‌ಟಾಪ್. ವರ್ಚುವಲ್‌ಬಾಕ್ಸ್‌ನಲ್ಲಿ (ವಿಂಡೋಸ್ ಒಳಗೇ ಇನ್ನೊಂದು ಓಎಸ್ ಓಡಿಸುವ ವರ್ಚುವಲ್ ಮಷೀನ್ ಪ್ರೋಗ್ರಾಂ) ಹೈಕು ಅನ್ನುವ ಉಚಿತ ಓಎಸ್ ಹಾಕಿ ನೋಡೋಣ ಅಂತ ಆಸೆ. ರ‍್ಯಾಮ್ ಎಷ್ಟು ಕೊಡಲಿ, ಡಿಸ್ಕ್ ಎಷ್ಟು ಸಾಕು? ಹಾಕಿದವರು ಅನುಭವ ಹೇಳ್ತೀರಾ?

ಹಳೇಮಾನಿಟರ್:
ರ‍್ಯಾಮ್ ಆಮೇಲೆ. ಮೊದಲು ವಿಂಡೋದ ಕೆಳಗಿನ ಪಟ್ಟಿಯಲ್ಲಿ ಹಸಿರು ಆಮೆ ಇದೆಯಾ ನೋಡಿ, ವರ್ಚುವಲ್ ಮಷೀನ್ ನಿಧಾನವಾಗಿ ಓಡುತ್ತಿದೆ ಅನ್ನುವ ಗುರುತು ಅದು. ನನ್ನ ಮೂರು ಸಂಜೆ ತಿಂದಿದ್ದು ಅದೇ. ಬಯಾಸ್‌ನಲ್ಲಿ ವಿಟಿ-ಎಕ್ಸ್ (ವರ್ಚುವಲ್ ಮಷೀನ್‌ಗೆ ಪ್ರೊಸೆಸರ್ ಕೊಡುವ ನೆರವು) ಆನ್ ಇತ್ತು. ಆದರೂ ಮೌಸ್ ಸರಿಸಿದರೆ ಬಾಣ ಅರ್ಧ ಸೆಕೆಂಡ್ ತಡವಾಗಿ ಹಿಂದೆ ಬರುತ್ತಿತ್ತು. ಮೊದಲ ದಿನ ರ‍್ಯಾಮ್ 2 ಜಿಬಿಯಿಂದ 4ಕ್ಕೆ ಏರಿಸಿದೆ. ಎರಡನೇ ದಿನ ಕೋರ್ ಜಾಸ್ತಿ ಕೊಟ್ಟೆ, ಇನ್ನೂ ನಿಧಾನ ಆಯಿತು. ಮೂರನೇ ದಿನ ಗೊತ್ತಾಗಿದ್ದು, ವಿಂಡೋಸ್‌ನದೇ ವರ್ಚುವಲ್ ಮಷೀನ್ ವ್ಯವಸ್ಥೆಯಾದ ಹೈಪರ್-ವಿ ಒಳಗೊಳಗೇ ಓಡುತ್ತಿದೆ ಅಂತ. ವಿಂಡೋಸ್ ಫೀಚರ್ಸ್‌ನಲ್ಲಿ ಟಿಕ್ ತೆಗೆದರೂ ಸಾಲಲಿಲ್ಲ, ಮೆಮೊರಿ ಇಂಟೆಗ್ರಿಟಿಯನ್ನೂ ಆಫ್ ಮಾಡಬೇಕಾಯಿತು. ಆಮೆ ಹೋಯಿತು, ಜೊತೆಗೆ ಡಬ್ಲ್ಯುಎಸ್‌ಎಲ್ 2 (ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ವ್ಯವಸ್ಥೆ) ಕೂಡ ನಿಂತಿತು. ನನ್ನ ದಿನದ ಕೆಲಸವೆಲ್ಲ ಅದರಲ್ಲೇ. ಈಗ ಕೆಲಸಕ್ಕೊಮ್ಮೆ, ಹೈಕುಗೊಮ್ಮೆ ಸೆಟ್ಟಿಂಗ್ ಬದಲಿಸಿ ರೀಸ್ಟಾರ್ಟ್ ಮಾಡುತ್ತೇನೆ. ಮೆಮೊರಿ ಇಂಟೆಗ್ರಿಟಿ ಭದ್ರತೆಗಾಗಿ ಇರುವುದು, ಆಫ್ ಮಾಡಿ ಮರೆತುಬಿಡಬೇಡಿ.

ಹಳದಿಟ್ಯಾಬ್:
ಹೈಕು ಹಾಕಿ ಎರಡು ವರ್ಷ ಆಯಿತು, ಇವತ್ತಿಗೂ ದಿನಾ ತೆರೆಯುತ್ತೇನೆ. ಶುರುವಿನಲ್ಲಿ ಒಂದು ಭಾನುವಾರ ಪೂರ್ತಿ ಹಾಳಾಗಿತ್ತು. ನನಗೆ ಬೇಕಿದ್ದದ್ದು ಬಿಓಎಸ್ (ಹೈಕುಗೆ ಮಾದರಿಯಾದ ಹಳೇ ಓಎಸ್) ಕಾಲದ ಒಂದು ಪ್ರೋಗ್ರಾಂ. 64 ಬಿಟ್ ಇಮೇಜ್ ಹಾಕಿ, ಫಾಂಟು, ಬಣ್ಣ ಎಲ್ಲ ಹೊಂದಿಸಿಕೊಂಡು ಕೂತರೆ ಪ್ರೋಗ್ರಾಂ ಏಳಲೇ ಇಲ್ಲ. ಆ ಹಳೇ ಬೈನರಿಗಳು ಓಡುವುದು 32 ಬಿಟ್ ಹೈಕುನಲ್ಲಿ ಮಾತ್ರ. ಎಲ್ಲ ಅಳಿಸಿ ಮತ್ತೆ ಹಾಕಿದೆ.

ಆದರೆ ಒಂದು ಮಾತು ಹೇಳಲೇಬೇಕು. ಒಮ್ಮೆ ನಾನೇ ಏನೋ ಪ್ಯಾಕೇಜ್ ತೆಗೆದು ಡೆಸ್ಕ್‌ಟಾಪ್ ಬರದ ಹಾಗೆ ಮಾಡಿಕೊಂಡೆ. ಬೂಟ್ ಆಗುವಾಗ ಶಿಫ್ಟ್ ಒತ್ತಿ ಹಿಡಿದೆ. ಮೆನುವಿನಲ್ಲಿ ಹಿಂದಿನ ಸ್ಥಿತಿಗಳು ತಾರೀಖು ಸಮೇತ ಸಾಲಾಗಿ ನಿಂತಿದ್ದವು. ಹಿಂದಿನ ದಿನದ್ದನ್ನು ಆರಿಸಿದೆ, ಎದ್ದುಬಂತು. ಅಲ್ಲಿ ಪ್ಯಾಕೇಜನ್ನು ಬಿಚ್ಚಿ ಹರಡುವುದಿಲ್ಲ, ಇಡಿಯಾಗಿ ಇದ್ದ ಹಾಗೇ ಜೋಡಿಸಿಕೊಳ್ಳುತ್ತದೆ (ಮೌಂಟ್). ಅದಕ್ಕೇ ಇಷ್ಟು ಸುಲಭ. ವರ್ಚುವಲ್‌ಬಾಕ್ಸ್‌ನಲ್ಲಿ ಮಷೀನಿನ ಆ ಕ್ಷಣದ ಸ್ಥಿತಿ ಉಳಿಸಿಡುವ ಸ್ನ್ಯಾಪ್‌ಶಾಟ್ ಗೊಡವೆಯೇ ಬೇಡ.

ಕತ್ತಲಪರದೆ:
ಸ್ನ್ಯಾಪ್‌ಶಾಟ್ ಬೇಡ ಅಂತ ಹೊಸಬರಿಗೆ ಹೇಳಬೇಡಿ ದಯವಿಟ್ಟು. ಹೇಗೆ ಬಳಸಬೇಕು ಅಂತ ಹೇಳಿ. ನಾನು ಹಾಕಿದ್ದು ರಿಯಾಕ್ಟ್‌ಓಎಸ್, ವಿಂಡೋಸ್ ಪ್ರೋಗ್ರಾಂ ಓಡಿಸಲೆಂದು ಕಟ್ಟುತ್ತಿರುವ ಬೇರೆ ಓಎಸ್. ಒಂದೊಂದು ಹಳೇ ಪ್ರೋಗ್ರಾಂ ಓಡಿಸುವ ಮೊದಲೂ ಒಂದೊಂದು ಸ್ನ್ಯಾಪ್‌ಶಾಟ್, ಒಟ್ಟು 11 ಆದವು. ಒಂದು ದಿನ ನೋಡಿದರೆ ಲ್ಯಾಪ್‌ಟಾಪ್‌ನಲ್ಲಿ ಉಳಿದಿದ್ದು 3 ಜಿಬಿ. ಹಳೇದನ್ನು ಡಿಲೀಟ್ ಕೊಟ್ಟೆ. ಅದು ಸುಮ್ನೆ ಅಳಿಸುವುದಿಲ್ಲ, ಡೇಟಾ ಒಂದಕ್ಕೊಂದು ಸೇರಿಸಬೇಕು, ಅದಕ್ಕೂ ಜಾಗ ಬೇಕು. ಅರ್ಧಕ್ಕೇ ನಿಂತಿತು. ಗಾಬರಿಯಲ್ಲಿ ಫೋಲ್ಡರ್‌ಗೆ ಹೋಗಿ ಹಳೇ ತಾರೀಖಿನ ಮೂರು ಫೈಲ್ ಕೈಯಾರೆ ಅಳಿಸಿದೆ. ಪ್ರತಿ ಫೈಲಿನಲ್ಲೂ ಇರುವುದು ಬರೀ ಬದಲಾವಣೆ ಅಲ್ವಾ? ಸರಪಳಿ ತುಂಡಾಯಿತು. ಯಾವ ಪ್ರೋಗ್ರಾಂ ಓಡಿತು, ಯಾವುದು ಬಿತ್ತು ಅಂತ ನಾಲ್ಕು ತಿಂಗಳು ಬರೆದಿಟ್ಟಿದ್ದ ನೋಟ್ಸ್ ಅದರೊಳಗೇ ಇತ್ತು. ಎಲ್ಲ ಹೋಯಿತು.

ಹಳದಿಟ್ಯಾಬ್:
ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ ಸರ್. ನೋಟ್ಸ್ ಒಳಗೆ ಇಟ್ಟಿದ್ದೇ ತಪ್ಪು. ಅದಿರಲಿ, 1996ರಲ್ಲಿ ಶುರುವಾಗಿ ಇನ್ನೂ ಆಲ್ಫಾದಲ್ಲೇ (ಬೀಟಾಗಿಂತ ಮೊದಲಿನ ಪರೀಕ್ಷಾ ಹಂತ) ಇರುವ ಓಎಸ್ ಮೇಲೆ ನಾಲ್ಕು ತಿಂಗಳು ಯಾಕೆ ಹಾಕಿದಿರಿ?

ಕತ್ತಲಪರದೆ:
ನಿಮ್ಮ ಹೈಕು ಏನು ಕಮ್ಮಿ? 2001ರಲ್ಲಿ ಓಪನ್‌ಬಿಓಎಸ್ ಅಂತ ಶುರು, ಮೊದಲ ಬೀಟಾ ಬಂದಿದ್ದು 2018ರಲ್ಲಿ. ವಿಂಡೋಸ್ ಪ್ರೋಗ್ರಾಂ ಓಡಿಸುವ ಓಎಸ್ಸನ್ನು ಸೊನ್ನೆಯಿಂದ ಕಟ್ಟುವುದು ಅಂದರೆ ಆಟ ಅಲ್ಲ. ಕೈಯಾರೆ ಅಳಿಸಿದ್ದು ನನ್ನ ತಪ್ಪು ಅಂತ ಗೊತ್ತಿದ್ದೇ ಬರೆದಿದ್ದೇನೆ, ಬೇರೆಯವರಿಗೆ ಹಾಗಾಗದಿರಲಿ ಅಂತ. ಅದನ್ನೇ ಕೆದಕಬೇಡಿ.

ಪೆನ್‌ಡ್ರೈವ್:
ಇಬ್ಬರದೂ ಬಿಡಿ. ವರ್ಚುವಲ್ ಮಷೀನ್‌ನಲ್ಲಿ ನೋಡಿದ್ದನ್ನು ನಂಬಿ ನಾನು ಮೋಸಹೋದೆ. ಅದರಲ್ಲಿ ನೆಟ್ ಮೊದಲ ಸಲಕ್ಕೇ ಬಂತು. 10.0.2.15 ಅಂತ ವಿಳಾಸ ನೋಡಿ ಖುಷಿಪಟ್ಟು, ಹಳೇ ಲ್ಯಾಪ್‌ಟಾಪ್ ಪೂರ್ತಿ ಅಳಿಸಿ ಹೈಕು ಹಾಕಿದೆ. ವೈಫೈ ಇಲ್ಲ! ಒಳಗಿನ ಓಎಸ್‌ಗೆ ಕಾಣುವುದು ತಂತಿಯ ನೆಟ್‌ವರ್ಕ್ ಕಾರ್ಡ್, ನಿಜವಾದ ವೈಫೈ ಚಿಪ್ ಅಲ್ಲವೇ ಅಲ್ಲ. ಎರಡು ವಾರ ಕೇಬಲ್ ಹಾಕಿಕೊಂಡು ಗೋಡೆ ಪಕ್ಕವೇ ಕೂತಿದ್ದೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ನೋಡಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಹಳದಿಟ್ಯಾಬ್:
ಅವರು ಕೇಳಿದ್ದು ವರ್ಚುವಲ್ ಮಷೀನ್ ಬಗ್ಗೆ. ಲ್ಯಾಪ್‌ಟಾಪ್ ಅಳಿಸಿ ಅಂತ ನಿಮಗೆ ಯಾರು ಹೇಳಿದ್ದರು?

ಪೆನ್‌ಡ್ರೈವ್:
ಇಂಥ ಹೊಗಳಿಕೆ ಓದಿಯೇ ಅಳಿಸಿದ್ದು. "ದಿನಾ ತೆರೆಯುತ್ತೇನೆ" ಅನ್ನುವವರು ವಿಂಡೋಸ್ ಒಳಗೆ ತೆರೆಯುತ್ತೀರೋ, ನೇರವಾಗಿಯೋ ಅಂತಲೂ ಬರೆಯಿರಿ.

ಹೊಸಹೆಜ್ಜೆ:
ಎಲ್ಲರಿಗೂ ಧನ್ಯವಾದ. ರ‍್ಯಾಮ್, ಡಿಸ್ಕ್ ಲೆಕ್ಕ ಯಾರಾದರೂ ಹೇಳಿದರೆ ಇವತ್ತೇ ಹಾಕುತ್ತೇನೆ.

ಹಳೇಮಾನಿಟರ್:
2 ಜಿಬಿ ರ‍್ಯಾಮ್ ಧಾರಾಳ, ಡಿಸ್ಕ್ 16 ಜಿಬಿ ಇಡಿ. ಆಮೆ ಕಂಡರೆ ಇಲ್ಲೇ ಬರೆಯಿರಿ.

ಹಳದಿಟ್ಯಾಬ್:
ವಿಂಡೋಸ್ ಒಳಗೇ ತೆರೆಯುತ್ತೇನೆ. ಅದರಲ್ಲಿ ಮುಚ್ಚಿಡುವಂಥದ್ದು ಏನಿದೆ?